ಮೆರುಗೂ ಮರೆಯೂ

ಚೀನದ ವೈದ್ಯಪರಂಪರೆಯಲ್ಲಿ ಲಿಂಗ್‌ಝಿ ಎಂಬ ಅಣಬೆಗೆ ಸಂದ ಸ್ತುತಿ ಅಪಾರವಾದುದು. ಷೆನ್‌ನಾಂಗನ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಾಚೀನ ಔಷಧಗ್ರಂಥವು ಅದನ್ನು ವರ್ಣಭೇದದಿಂದ ಆರಾಗಿ ವಿಂಗಡಿಸಿ, ಆರನ್ನೂ ಆಯುಷ್ಯವರ್ಧಕಗಳಾದ ಉತ್ತಮ ವರ್ಗದ ದ್ರವ್ಯಗಳೊಡನೆ ಕೂರಿಸಿತು. ಆದರೆ 1596ರಲ್ಲಿ ಹೊರಬಂದ ತನ್ನ ಔಷಧ ಮಹಾಗ್ರಂಥದಲ್ಲಿ ವೈದ್ಯ ಲಿ ಷಿಝೆನನು, ಕೊಳೆತದ್ದರಿಂದ ಹುಟ್ಟುವ ಈ ವಸ್ತುವನ್ನು ತಿಂದು ಅಮರರಾಗಬಹುದೆಂಬ ನಂಬಿಕೆಯನ್ನು ನಿರ್ದಾಕ್ಷಿಣ್ಯವಾಗಿ ಅಲ್ಲಗಳೆದನು. ನನ್ನ ಗೌರವ ಈತನಿಗೇ ಹೆಚ್ಚು.

ಅರಗು ಬಳಿದಂತೆ ಹೊಳೆಯುವ ಕೆಂಗಂದು ಮೈಯೊಂದನ್ನೇ ನಂಬಿ ಇದನ್ನು ಗುರುತಿಸಹೊರಟವನು ಮೋಸಹೋಗುವನು. ವಿದ್ವಾಂಸರೂ ಹಾಗೆಯೇ ಮೋಸಹೋದರು: 1781ರಲ್ಲಿ ಇಂಗ್ಲೆಂಡಿನ ಒಂದು ಅಣಬೆಗೆ ಇಟ್ಟ ‘ಲ್ಯೂಸಿಡಮ್’ ಎಂಬ ಹೆಸರನ್ನು ಚೀನದ ಅಣಬೆಗೂ ಬಹುಕಾಲ ಹೊರಿಸಿದ್ದರು, 2012ರಲ್ಲಷ್ಟೇ ಚೀನದ ಸಂಶೋಧಕರು ಅದನ್ನು ಬೇರೆ ಪ್ರಭೇದವೆಂದು ವರ್ಣಿಸಿ ‘ಗ್ಯಾನೊಡರ್ಮ ಲಿಂಗ್‌ಝಿ’ ಎಂದು ಕರೆದರು. ಕೊಡೆಯನ್ನು ಮಗುಚಿ ನೋಡಿದರೆ ಯೂರೋಪಿನದಕ್ಕೆ ರಂಧ್ರಮಯವಾದ ಅಡಿ ಬಿಳಿದು, ಚೀನದ್ದಕ್ಕೆ ಹಳದಿ. ಹೊಗಳಿದವರೆಲ್ಲ ಮೇಲ್ಮೈಯನ್ನೇ ಹೊಗಳಿದರು, ಗುರುತು ಅಡಿಯಲ್ಲಿತ್ತು. ಇದೇ ಕುಲವನ್ನು ನಮ್ಮ ಅಡಕೆ ತೋಟದವರು ಬಲ್ಲದ್ದು ಮರವನ್ನು ಬುಡದಿಂದ ಕೊಲ್ಲುವ ‘ಅಣಬೆ ರೋಗ’ವಾಗಿ.

ಔಷಧಗುಣದ ವಿಷಯದಲ್ಲಿ ಸಂಯಮವೇ ಸರಿ. ಅರ್ಬುದಕ್ಕೆ ಇದನ್ನು ಮೊದಲ ಚಿಕಿತ್ಸೆಯಾಗಿ ಒಪ್ಪಲು ಆಧಾರ ಸಾಲದೆಂದು ಚಿಕಿತ್ಸಾಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡಿದ 2016ರ ಕಾಕ್ರೇನ್ ಪರಾಮರ್ಶೆ ಹೇಳಿತು. ಮಾರುವವರು ಅದನ್ನು ಹೇಳದಿರುವುದು ರೋಗಿಗೆ ಬಗೆಯುವ ದ್ರೋಹವೆಂದೇ ನಾನು ತಿಳಿಯುತ್ತೇನೆ.

ನಿಸ್ಸಂಕೋಚವಾಗಿ ಮೆಚ್ಚತಕ್ಕದ್ದು ಬೆಳೆಸುವ ವಿದ್ಯೆ. ಗಟ್ಟಿಮರದ ತುಂಡುಗಳನ್ನು ಚೀಲದಲ್ಲಿಟ್ಟು ಹಬೆಯಲ್ಲಿ ಬೇಯಿಸಿ, ಆರಿಸಿ, ಅಣಬೆ ಬೀಜ ಹಾಕಿ, ಬಿಳಿಯ ಎಳೆಗಳು ಮರದೊಳಗೆಲ್ಲ ವ್ಯಾಪಿಸಿದ ಮೇಲೆ ನೆರಳಿನ ಚಪ್ಪರದಡಿ ಮಣ್ಣಿನಲ್ಲಿ ಹೂಳುವರು. ಕಾಡು ಉಳಿಯಬೇಕೆನ್ನುವ ನನಗೆ ಮರದ ಹೊಟ್ಟಿಗೆ ಗೋಧಿ ತೌಡು ಬೆರೆಸಿ ಬೆಳೆಸುವ ಕ್ರಮವೇ ಹೆಚ್ಚು ಒಪ್ಪಿತ. ಗಾಳಿ ಆಡದೆ ಇಂಗಾಲಾಮ್ಲ ಹೆಚ್ಚಿದರೆ ಕೊಡೆ ಅರಳದೆ ಜಿಂಕೆಯ ಕೊಂಬಿನಂತೆ ಕವಲೊಡೆಯುವುದು. ಅದನ್ನು ಅಪೂರ್ವ ಜಾತಿಯೆಂದು ಭ್ರಮಿಸಬೇಕಾಗಿಲ್ಲ. ಗಾಳಿ ಸಾಕಷ್ಟು ಸಿಕ್ಕಿದ ಕೊಡೆಯ ಅಂಚಿನಲ್ಲಿ ಬೆಣ್ಣೆ ಸವರಿದಂತಹ ಬಿಳಿಯ ಗೆರೆಯೊಂದು ಇರುವವರೆಗೂ ಅದು ಬೆಳೆಯುತ್ತಿರುತ್ತದೆ. ಗೆರೆ ಕ್ರಮೇಣ ಕಂದಾಗಿ ಮಾಯವಾಗುವುದು. ಆ ಬಳಿಕ ಅಡಿಯಿಂದ ಉದುರಿದ ಬೀಜಾಣುಗಳು ಗಾಳಿಯಲ್ಲಿ ಮೇಲೆದ್ದು, ಕೋಕೋಪುಡಿಯಂತೆ ಕೊಡೆಯ ಮೇಲೆ ಕೂತು, ಶತಮಾನಗಳಿಂದ ಹೊಗಳಿಸಿಕೊಂಡ ಆ ಮೆರುಗನ್ನೇ ಮುಚ್ಚಿಬಿಡುವುವು.