ಕೇರಿಯ ಗಂಟು, ಊರಿನ ಲೆಕ್ಕ

ಕವನ ಸಂಕಲನ ಬಂದರೆ ನಾವು ವಿಮರ್ಶೆ ಬರೆಯುತ್ತೇವೆ. ಕಾದಂಬರಿ ಬಂದರೆ ಗೋಷ್ಠಿ ಮಾಡುತ್ತೇವೆ. ವರ್ಷವರ್ಷವೂ ವಿಧಾನಸೌಧದಿಂದ ಒಂದು ಪುಸ್ತಕ ಬರುತ್ತದೆ. ನಮ್ಮ ಮಕ್ಕಳ ಹಾಸ್ಟೆಲ್ಲಿನ ಅನ್ನ, ಹೊಲದ ಬೋರ್‌ವೆಲ್ಲು, ಕೇರಿಯ ಚರಂಡಿ, ಹೆಣ ಹೊರುವ ದಾರಿ ಎಲ್ಲಾ ಅದರೊಳಗೇ ಇರುತ್ತದೆ. ಅದನ್ನು ಮಾತ್ರ ನಮ್ಮಲ್ಲಿ ಯಾರೂ ಓದುವುದಿಲ್ಲ. ಯಾವುದು ಅಗ್ಗ ಯಾವುದು ದುಬಾರಿ ಅಂತ ಪೇಪರಿನಲ್ಲಿ ನೋಡಿ ಮಡಚಿಡುತ್ತೇವೆ.

1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ನಿಂತು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಬೀದಿ ಹೊತ್ತಿಕೊಂಡಿತು, ಅವರ ಮಂತ್ರಿಗಿರಿ ಹೋಯಿತು. ಆ ಜಗಳದಿಂದ ನಾವು ಕಥೆ ಕವಿತೆಗಳನ್ನು ಮೊರಕ್ಕೆ ಹಾಕಿ ಕೇರುವುದನ್ನು ಕಲಿತೆವು. ಸರ್ಕಾರದ ಪುಸ್ತಕವನ್ನು ಮೊರಕ್ಕೆ ಹಾಕಲಿಲ್ಲ. ನಮ್ಮ ಮನೆ ಗೋಡೆಯ ಮೇಲೆ ಬಾಬಾಸಾಹೇಬರು ಸಂವಿಧಾನ ಹಿಡಿದು ನಿಂತಿದ್ದಾರೆ. ಅವರು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಬರೆದು 1925ರಲ್ಲಿ ಪುಸ್ತಕವಾಗಿ ಬಂದ ಪ್ರಬಂಧ ಯಾವುದರ ಮೇಲೆ? ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸಿನ ಮೇಲೆ. ಯಾರ ದುಡ್ಡು ಯಾವ ಖಾತೆಗೆ ಹೋಗುತ್ತದೆ, ಯಾರು ಖರ್ಚು ಮಾಡುತ್ತಾರೆ, ಯಾರು ಕೇಳುತ್ತಾರೆ ಎಂಬುದನ್ನೇ ಆ ಮಹಾನುಭಾವ ಕೂತು ಓದಿದ್ದರು. ನಾವು ಅವರ ಕೋಟು ನೋಡಿದೆವು, ಲೆಕ್ಕದ ಪುಸ್ತಕ ನೋಡಲಿಲ್ಲ.

ಆದ್ದರಿಂದ ಈ ಸಲ ವಿಮರ್ಶೆಗೆ ಬಜೆಟ್ಟನ್ನೇ ತೆಗೆದುಕೊಂಡಿದ್ದೇನೆ.

2025ರ ಮಾರ್ಚ್ 7ರಂದು ಸಿದ್ದರಾಮಯ್ಯನವರು ಮಂಡಿಸಿದ್ದು ಅವರ ಹದಿನಾರನೆಯ ಬಜೆಟ್ಟು. ಗಾತ್ರ 4,09,549 ಕೋಟಿ ರೂಪಾಯಿ. ಬರೆದವರು ಹೊರಗಿನವರಲ್ಲ, ಸಿದ್ದರಾಮನಹುಂಡಿಯವರು. ಅವರನ್ನು ಗೆಲ್ಲಿಸಿದ ವರುಣಾ ಕ್ಷೇತ್ರದಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳೂ ಇವೆ, ತಿ. ನರಸೀಪುರ ತಾಲ್ಲೂಕಿನ ಹಳ್ಳಿಗಳೂ ಇವೆ. 2023ರಲ್ಲಿ ಸಮಾಜ ಕಲ್ಯಾಣ ಖಾತೆ ವಹಿಸಿಕೊಂಡ ಎಚ್.ಸಿ. ಮಹದೇವಪ್ಪನವರು ತಿ. ನರಸೀಪುರದಿಂದ ಗೆದ್ದವರು. ಎರಡೂ ತಾಲ್ಲೂಕು ಕೇಂದ್ರಗಳು ಮೀಸಲು ಕ್ಷೇತ್ರ. ಹೀಗಿರುವಾಗ ‘ಬೆಂಗಳೂರಿನವರಿಗೆ ನಮ್ಮ ಕಷ್ಟ ಎಲ್ಲಿ ಗೊತ್ತಾಗಬೇಕು’ ಎಂಬ ಹಳೇ ಮಾತು ಇಲ್ಲಿ ನಡೆಯುವುದಿಲ್ಲ. ಕಷ್ಟ ಚೆನ್ನಾಗಿ ಗೊತ್ತಿರುವವರೇ ಬರೆದ ಪುಸ್ತಕ ಇದು. ಇದನ್ನು ನಾವು ಮೈಮೇಲೆ ಎಚ್ಚರವಿಟ್ಟುಕೊಂಡೇ ಓದಬೇಕು.

ಭಾಷೆಯ ಬಗ್ಗೆ ಒಂದು ಮಾತು. ಬಜೆಟ್ ಭಾಷಣದಲ್ಲಿ ವಚನ ಬರುತ್ತದೆ, ಕವಿಗಳು ಬರುತ್ತಾರೆ, ಸಾಮಾಜಿಕ ನ್ಯಾಯ ಪುಟಕ್ಕೆ ಪುಟ ಬರುತ್ತದೆ. ಆದರೆ ದುಡ್ಡಿನ ಮಾತು ಬಂದ ಕೂಡಲೆ ವಾಕ್ಯದಿಂದ ಕರ್ತೃ ಮಾಯ. ‘ಒದಗಿಸಲಾಗಿದೆ.’ ‘ಕ್ರಮ ಕೈಗೊಳ್ಳಲಾಗುವುದು.’ ಯಾರು ಕೈಗೊಳ್ಳುವವರು? ಯಾವ ತಾರೀಖಿನೊಳಗೆ? ವ್ಯಾಕರಣ ಪಾಠ ಮಾಡುವ ನನಗೆ ಇದು ಕರ್ಮಣಿ ಪ್ರಯೋಗ ಅಂತ ಗೊತ್ತು. ಕೇರಿಯವರಿಗೆ ಇದು ಕೈಗೆ ಸಿಕ್ಕದ ಪ್ರಯೋಗ.

ಈಗ ಗಂಟಿನ ವಿಷಯಕ್ಕೆ ಬರೋಣ. ಊರಿಗೆಲ್ಲ ಅಂತ ಬಂದ ದುಡ್ಡು ಕೇರಿಯ ಬಾಗಿಲಿಗೆ ಬರುವಷ್ಟರಲ್ಲಿ ಬತ್ತಿಹೋಗುತ್ತದೆ ಎಂಬುದು ಸ್ವಾತಂತ್ರ್ಯ ಬಂದು ಮೂವತ್ತು ವರ್ಷವಾಗುವ ಹೊತ್ತಿಗೆ ದಿಲ್ಲಿಯವರಿಗೂ ಅರ್ಥವಾಗಿತ್ತು. ಅದಕ್ಕೇ ಬುಡಕಟ್ಟು ಉಪಯೋಜನೆ ಬಂತು, 1979-80ರಲ್ಲಿ ಪರಿಶಿಷ್ಟ ಜಾತಿಯವರಿಗೆ ವಿಶೇಷ ಘಟಕ ಯೋಜನೆ ಬಂತು. ಜನ ಎಷ್ಟಿದ್ದಾರೋ ಅಷ್ಟು ಪಾಲು ಬೇರೆ ತೆಗೆದಿಡಿ, ಅದನ್ನು ಅವರಿಗೇ ಖರ್ಚು ಮಾಡಿ ಎಂಬುದು ಅದರ ಸಾರಾಂಶ. ತೆಗೆದಿಟ್ಟದ್ದು ಕಾಗದದಲ್ಲಿ. ಹೋರಾಟಗಳಾದವು. ಆಂಧ್ರಪ್ರದೇಶ ಮೊದಲು ಕಾನೂನು ಮಾಡಿತು. ನಂತರ 2013ರಲ್ಲಿ ಕರ್ನಾಟಕ ಮಾಡಿತು. ಆಗಲೂ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ. ಅವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಯೇ ಮುಂದಿನ ಮಾತು ಬರೆಯುತ್ತಿದ್ದೇನೆ.

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ 17.15, ಪರಿಶಿಷ್ಟ ಪಂಗಡ 6.95. ಎರಡೂ ಸೇರಿ 24.1. ಪಂಚಾಯ್ತಿ ಮೆಂಬರುಗಳಿಗೆಲ್ಲ ಬಾಯಿಪಾಠವಾಗಿರುವ ಅಂಕಿ ಇದು. ಆದರೆ ಯಾವುದರಲ್ಲಿ 24.1? ಇಡೀ ಬಜೆಟ್ಟಿನಲ್ಲಿ ಅಲ್ಲ. ಸಂಬಳ, ಪಿಂಚಣಿ, ಸಾಲದ ಬಡ್ಡಿ ಮೊದಲಾದವನ್ನು ಪಕ್ಕಕ್ಕಿಟ್ಟು, ‘ಹಂಚಿಕೆ ಮಾಡಬಹುದಾದ ಮೊತ್ತ’ ಎಂದು ಸರ್ಕಾರ ತಾನೇ ಗೆರೆ ಎಳೆದದ್ದರಲ್ಲಿ. 2025-26ಕ್ಕೆ ಈ ಎರಡು ಉಪಯೋಜನೆಗೆ ಇಟ್ಟದ್ದು 42,018 ಕೋಟಿ. ಹಿಂದಕ್ಕೆ ಲೆಕ್ಕ ಹಾಕಿ ನೋಡಿ: ಇದು ನೂರಕ್ಕೆ 24.1 ಆಗಬೇಕಾದರೆ ಹಂಚುವ ಮೊತ್ತ ಸುಮಾರು 1 ಲಕ್ಷ 74 ಸಾವಿರ ಕೋಟಿ. ಇಡೀ ಬಜೆಟ್ಟಿನಲ್ಲಿ ನಮ್ಮ ಪಾಲು ನೂರಕ್ಕೆ ಹತ್ತು ಚಿಲ್ಲರೆ. ಅನ್ನ ಬಡಿಸುವುದಕ್ಕೆ ಮೊದಲೇ ಮಡಕೆ ಸಣ್ಣದಾಯಿತು. ಇರಲಿ, ಸಣ್ಣ ಮಡಕೆಯೊಳಗೇ ನೋಡೋಣ.

2013ರ ಕಾನೂನಿನ ಏಳನೇ ಕಲಮಿನಲ್ಲಿ ‘ಡಿ’ ಅಂತ ಒಂದು ಕಿಂಡಿ ಇತ್ತು. ಪಾಲು ಮಾಡಲು ಬಾರದ ದೊಡ್ಡ ಕಾಮಗಾರಿಗಳಲ್ಲಿ ಒಂದಂಶ ಪರಿಶಿಷ್ಟರಿಗೇ ಖರ್ಚಾಯಿತು ಎಂದು ‘ಭಾವಿಸಬಹುದು’. ದೊಡ್ಡ ರಸ್ತೆ ಆದರೆ ಅದರ ಮೇಲೆ ನಾವೂ ನಡೆಯುತ್ತೇವಲ್ಲ! ನಾಲೆ ಆದರೆ ನಾವೂ ಕೂಲಿಗೆ ನಾಟಿ ಹಾಕುತ್ತೇವಲ್ಲ! ಕೆ.ಆರ್.ಎಸ್‌ನಿಂದ ಬರುವ ವರುಣಾ ನಾಲೆ ಬಯಲಲ್ಲೋ ಕಬಿನಿ ನಾಲೆ ಬಯಲಲ್ಲೋ ಒಮ್ಮೆ ನಿಂತು, ನೀರು ಹರಿಯುವ ಗದ್ದೆ ಯಾರದು, ಅದರಲ್ಲಿ ಬಗ್ಗಿರುವ ಬೆನ್ನು ಯಾರದು ಅಂತ ನೋಡಿದರೆ ಈ ‘ಭಾವಿಸುವುದು’ ಏನು ಅಂತ ತಿಳಿಯುತ್ತದೆ. ಹತ್ತು ವರ್ಷದಲ್ಲಿ ಮೂರೂ ಪಕ್ಷದ ಮುಖ್ಯಮಂತ್ರಿಗಳು ಬಂದುಹೋದರು, ಕಿಂಡಿ ಮುಚ್ಚಲಿಲ್ಲ. 2023ರಲ್ಲಿ 7(ಡಿ) ತೆಗೆದುಹಾಕಿದರು. ನಾವು ಪಟಾಕಿ ಹೊಡೆದೆವು. ಪಕ್ಕದಲ್ಲೇ 7(ಸಿ) ಇತ್ತು, ಅದನ್ನು ಯಾರೂ ನೋಡಲಿಲ್ಲ. ಎಲ್ಲರಿಗೂ ಇರುವ ಸಾಮಾನ್ಯ ಯೋಜನೆಯಲ್ಲಿ ಪರಿಶಿಷ್ಟರು ಪಡೆದ ಪಾಲನ್ನು ಈ ಗಂಟಿನ ಲೆಕ್ಕಕ್ಕೆ ಬರೆಯಬಹುದು ಅನ್ನುತ್ತದೆ ಅದು.

ಅದೇ ವರ್ಷ ಗ್ಯಾರಂಟಿಗಳು ಬಂದವು. 2023-24ರಲ್ಲಿ ಉಪಯೋಜನೆಯ ಸುಮಾರು 34,294 ಕೋಟಿಯಲ್ಲಿ 11,144 ಕೋಟಿ ಗ್ಯಾರಂಟಿಗೆ ಹೋಯಿತು. ಗೃಹಲಕ್ಷ್ಮಿ ಒಂದಕ್ಕೇ 5,075 ಕೋಟಿ, ಶಕ್ತಿಯ ಬಸ್ಸಿಗೆ 812 ಕೋಟಿ. 2024-25ರಲ್ಲಿ 39,121 ಕೋಟಿಯಲ್ಲಿ 14,282 ಕೋಟಿಯನ್ನು ಗ್ಯಾರಂಟಿಗೆಂದೇ ಬರೆದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು.

ನಾನು ಗ್ಯಾರಂಟಿಯ ವಿರೋಧಿ ಅಲ್ಲ. ಬಿಟ್ಟಿ ಭಾಗ್ಯ ಅಂತ ಮೂಗು ಮುರಿಯುವ ಮೇಲ್ಜಾತಿ ಬಾಬುಗಳ ಜೊತೆ ನಾನಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ನಮ್ಮ ಕೇರಿಯ ಹೆಂಗಸರು ಅಂಗಡಿ ಸಾಲ ತೀರಿಸಿದ್ದನ್ನು, ಗಂಡನ ಮುಂದೆ ಕೈಚಾಚದೆ ಔಷಧಿ ತಂದದ್ದನ್ನು ಕಣ್ಣಾರೆ ನೋಡಿದ್ದೇನೆ. ನನ್ನ ತಕರಾರು ಲೆಕ್ಕದ್ದು. ನಂಜನಗೂಡು–ತಿ. ನರಸೀಪುರ ರಸ್ತೆಯ ಒಂದು ಊರಿನಲ್ಲಿ ಜಗಲಿ ಮೇಲೆ ಕೂತು ಈ ಅಂಕಿಗಳನ್ನು ಹೇಳುತ್ತಿದ್ದಾಗ ನಮ್ಮ ದೊಡ್ಡವ್ವ ಕೇಳಿದಳು:

“ಅಲ್ಲ ಕಣ್ ಮಗ, ಮೇಗಲ ಬೀದಿ ಹೆಂಗಸ್ಗೂ ಎರಡ್ ಸಾವ್ರ, ನನ್ಗೂ ಎರಡ್ ಸಾವ್ರ. ಅವಳ್ದು ಸರ್ಕಾರದ್ ದುಡ್ಡು, ನನ್ದು ನನ್ ದುಡ್ಡೇಯಾ? ಮದ್ವ ಮನಲಿ ಊರ್ಗೆಲ್ಲ ಊಟ ಹಾಕ್ಬುಟ್ಟು, ನಮ್ ಎಲ ಲೆಕ್ಕ ಮಾತ್ರ ನಮಗ್ ಬರ್ಬೇಕಾದ್ ಮುಯ್ಯಲಿ ಮುರ್ಕಂಡಂಗಾಯ್ತಲ್ಲ!”

ಇಡೀ ವಿಮರ್ಶೆ ಇಷ್ಟೇ. ನಾಗರಿಕಳಾಗಿ ಅವಳಿಗೆ ಎಲ್ಲರ ಜೊತೆ ಬರಬೇಕಾದ್ದು ಒಂದು. ಶತಮಾನಗಳ ಬಾಕಿಯಾಗಿ ಅವಳ ಕೇರಿಗೆ ಬೇರೆ ಬರಬೇಕಾದ್ದು ಇನ್ನೊಂದು. ಎರಡನೆಯದನ್ನು ಮುರಿದು ಮೊದಲನೆಯದನ್ನು ಕೊಟ್ಟರೆ ಕೊಟ್ಟದ್ದೇನು?

ಸರ್ಕಾರದ ಉತ್ತರವನ್ನೂ ಹೇಳಬೇಕು. ಈ ಹಣ ಪರಿಶಿಷ್ಟ ಫಲಾನುಭವಿಗಳಿಗೇ ಹೋಗುತ್ತಿದೆ, ಬೇರೆಯವರಿಗೆ ಹೋಗಿಲ್ಲ, ಕಾನೂನಿನಲ್ಲಿ ಅವಕಾಶವಿದೆ ಅನ್ನುತ್ತಾರೆ. ಸರಿ. ಹಾಗಾದರೆ ಬಸ್ಸಿನ ಲೆಕ್ಕ ತೋರಿಸಿ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು ಹರಿಯುವಾಗ ಕಂಡಕ್ಟರು ಆಧಾರ್ ನೋಡುತ್ತಾನೆ, ಜಾತಿ ಕೇಳುವುದಿಲ್ಲ. ಕೇಳಬಾರದು ಕೂಡ. ಹಾಗಾದರೆ 812 ಕೋಟಿ ರೂಪಾಯಿಯಷ್ಟು ದಲಿತ, ಆದಿವಾಸಿ ಹೆಂಗಸರು ಬಸ್ಸು ಹತ್ತಿದರು ಅಂತ ಎಣಿಸಿದವರು ಯಾರು? ಯಾರೂ ಎಣಿಸಲಿಲ್ಲ, ಭಾವಿಸಿದರು. ಮುಂದಿನ ಬಾಗಿಲಿಂದ ಆಚೆ ಕಳಿಸಿದ 7(ಡಿ) ಹಿತ್ತಿಲಿನಿಂದ ಒಳಗೆ ಬಂದು ಕೂತಿದೆ. ಇನ್ನೂ ಒಂದು ಲೆಕ್ಕ. 2024-25ರಲ್ಲಿ ಐದು ಗ್ಯಾರಂಟಿಗೆ ಇಟ್ಟದ್ದು 52,009 ಕೋಟಿ. ಅದರಲ್ಲಿ ನಮ್ಮ ಗಂಟಿನ 14,282 ಕೋಟಿ ಎಂದರೆ ನೂರಕ್ಕೆ 27ಕ್ಕಿಂತ ಹೆಚ್ಚು. ಜನಸಂಖ್ಯೆಯಲ್ಲಿ ನಾವು 24.1. ಬಡವರಲ್ಲಿ ನಿಮ್ಮವರೇ ಜಾಸ್ತಿ, ಅದಕ್ಕೆ ಹಾಗೆ ಅನ್ನಬಹುದು. ಅಂದರೆ ಬಡತನ ಜಾಸ್ತಿಯಾದಷ್ಟೂ ನಮ್ಮ ಗಂಟು ಕರಗಬೇಕು ಅಂತಾಯಿತು.

ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆ ಸೇರುತ್ತವೆ. ಮೂರನೆಯದಾಗಿ ಸ್ಫಟಿಕ ಸರೋವರ ಅಂತ ಒಂದಿದೆ, ಅದು ಕಣ್ಣಿಗೆ ಕಾಣುವುದಿಲ್ಲ ಅನ್ನುತ್ತಾರೆ ಪುರೋಹಿತರು. 2025ರ ಫೆಬ್ರವರಿಯ ಕುಂಭಮೇಳದಲ್ಲಿ ಜನ ಅಲ್ಲಿ ಮುಳುಗೆದ್ದರು. ನಮ್ಮ ಗಂಟೂ ಈಗ ಆ ಮೂರನೇ ನೀರಿನ ಹಾಗೆ. ಇದೆ ಅಂತ ಶಾಸ್ತ್ರ ಹೇಳುತ್ತದೆ.

ಕಾಣದೆ ಹೋದರೆ ಏನಾಗುತ್ತದೆ? ನನಗೆ ಗೊತ್ತಿರುವ ಒಬ್ಬಳು ಹುಡುಗಿ. ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸು ಮಾಡಿದಳು. ತಾಲ್ಲೂಕು ಕೇಂದ್ರದಲ್ಲಿ ಪಿಯುಸಿಗೆ ಸೇರಿದಳು. ಹಾಸ್ಟೆಲ್ಲಿನಲ್ಲಿ ಸೀಟಿಲ್ಲ ಅಂದರು. ಬಸ್ಸು ಫ್ರೀ ಇದೆಯಲ್ಲ, ಓಡಾಡಿಕೋ ಅಂದರು. ಬೆಳಗ್ಗೆ ಆರೂಕಾಲರ ಬಸ್ಸು ಹತ್ತುತ್ತಾಳೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತಾಳೆ, ಆಮೇಲೆ ಮನೆಗೆಲಸ. ಆ ಬಸ್ಸು ಇಲ್ಲದಿದ್ದರೆ ಅವಳು ಕಾಲೇಜಿಗೇ ಹೋಗುತ್ತಿರಲಿಲ್ಲ, ಅದೂ ನಿಜ. ಆದರೆ ಹಾಸ್ಟೆಲ್ಲು ಕಟ್ಟಬೇಕಾದ ಗಂಟಿನಿಂದಲೇ ಅವಳ ಟಿಕೆಟ್ಟಿನ ದುಡ್ಡು ಹೋಗಿದೆ ಎಂಬುದು ಅವಳಿಗೆ ಗೊತ್ತಿಲ್ಲ. ಭೂ ಒಡೆತನ, ಗಂಗಾ ಕಲ್ಯಾಣದಂಥ ಯೋಜನೆಗಳ ಸ್ಥಿತಿಯೂ ಇದೇ. ಒಬ್ಬ ಕೂಲಿಯವನನ್ನು ಒಂದೆರಡು ಎಕರೆಯ ಒಡೆಯನನ್ನಾಗಿ ಮಾಡುವ ದುಡ್ಡು, ಒಣಭೂಮಿಗೆ ನೀರು ಹಾಯಿಸುವ ದುಡ್ಡು, ತಿಂಗಳ ಖರ್ಚಿಗೆ ಚೂರುಚೂರಾಗಿ ಕರಗುತ್ತದೆ. ಅದರಿಂದ ಗದ್ದೆಯ ಒಡೆಯನಿಗೆ ಯಾವ ತೊಂದರೆಯೂ ಇಲ್ಲ. ಕೇರಿಯ ಮನೆಗೆ ಎರಡು ಸಾವಿರ ಬಂದರೆ ಅವನಿಗೇನು? ಕೇರಿಯವನಿಗೆ ಜಮೀನು ಬಂದರೆ ಮಾತ್ರ ಅವನ ಗದ್ದೆಗೆ ಆಳು ಕಮ್ಮಿ.

2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಕೋಟಿಗಟ್ಟಲೆ ಹಣ ಯಾರುಯಾರದೋ ಖಾತೆಗೆ ಹೋದಾಗ ಗದ್ದಲವಾಯಿತು, ಮಂತ್ರಿಯ ರಾಜೀನಾಮೆ ಆಯಿತು. ಆಗಬೇಕಾದ್ದೇ. ಅದು ಬೀಗ ಒಡೆದ ಕಳ್ಳತನ. ಬೀಗದ ಕೈ ಹಾಕಿ, ರುಜು ಮಾಡಿ, ಸದನದ ಒಪ್ಪಿಗೆ ಪಡೆದು ತೆಗೆದದ್ದಕ್ಕೆ ನಮ್ಮ ಎಷ್ಟು ಸಂಘಟನೆಗಳು ಬೀದಿಗೆ ಬಂದವು? ಕೆಲವು ಬಂದವು, ಸುಳ್ಳು ಹೇಳಬಾರದು. ಉಳಿದವರಲ್ಲಿ ಎಷ್ಟು ಜನ ನಿಗಮದ ನೇಮಕದ ಪಟ್ಟಿ ಕಾಯುತ್ತಿದ್ದರು ಎಂಬುದನ್ನು ಅವರವರೇ ಹೇಳಲಿ.

ದೇವನೂರು ನಂಜನಗೂಡು ತಾಲ್ಲೂಕಿನದೇ ಊರು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ಸಾಹುಕಾರನ ಕಡಲೆಕಾಯಿಯನ್ನು ಒಂದೇ ರಾತ್ರಿ ತಿಂದು ಮುಗಿಸುತ್ತಾರೆ. ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ನಾವು ಆ ಕತೆಯನ್ನು ನೂರು ಸಲ ಪಾಠ ಮಾಡಿದ್ದೇವೆ. ಹಸಿದವರು ತಿಂದ ಕಡಲೆಕಾಯಿಗೆ ಪೊಲೀಸರು ಬರುತ್ತಾರೆ. ಹನ್ನೊಂದು ಸಾವಿರ ಕೋಟಿಯ ಸಿಪ್ಪೆ ಹುಡುಕಲು ಯಾರೂ ಬರುವುದಿಲ್ಲ, ನಾವೇ ಹೋಗಬೇಕು.

ಎಲ್ಲಿ ಹುಡುಕುವುದು ಅಂದರೆ, ಬಜೆಟ್ಟಿನ ಜೊತೆ ಉಪಯೋಜನೆಯದೇ ಬೇರೆ ಪುಸ್ತಕ ಬರುತ್ತದೆ. ಅದರಲ್ಲಿ ಬರುವ ವರ್ಷದ ಅಂದಾಜು ನೋಡಬೇಡಿ, ಅದು ಮದುವೆಗೆ ಮುಂಚಿನ ಮಾತು. ಹಿಂದಿನ ಅಂದಾಜಿಗೂ ಕೊನೆಗೆ ನಿಜವಾಗಿ ಆದ ಖರ್ಚಿಗೂ ತಾಳೆ ಹಾಕಿ. ಒಂದೊಂದು ಇಲಾಖೆಯ ಹೆಸರಿನ ಮುಂದೆ ಬೆರಳಿಟ್ಟು, ಇದು ಕೇರಿಗೆ ಮಾತ್ರ ಬಂದದ್ದೋ ಊರಿಗೆಲ್ಲ ಹೋದದ್ದೋ ಅಂತ ಎರಡು ಪಟ್ಟಿ ಮಾಡಿ. ಹೈಸ್ಕೂಲು ಹುಡುಗರೂ ಮಾಡಬಹುದಾದ ಲೆಕ್ಕ ಇದು. ನಾನು ನನ್ನ ಹತ್ತನೇ ಕ್ಲಾಸಿನವರಿಗೆ ಶೇಕಡಾವಾರು ಪಾಠಕ್ಕೆ ಈ ಅಂಕಿಗಳನ್ನೇ ಕೊಟ್ಟೆ. ಮೂರು ಹುಡುಗಿಯರು ಸರಿ ಮಾಡಿದರು. ಅವರಲ್ಲಿ ಒಬ್ಬಳು ಕೇಳಿದಳು, ‘ಸಾ, ಇದು ನಿಜವಾದ ಲೆಕ್ಕವಾ, ಪುಸ್ತಕದ್ದಾ?’