ಗಾಜಿನ ಕಣ್ಣಿನ ಜಿಂಕೆ

ಸತ್ತ ಪ್ರಾಣಿಯ ಚರ್ಮವನ್ನು ಸುಲಿದು, ಹದಮಾಡಿ, ಕೃತಕವಾದ ಒಡಲಿನ ಮೇಲೆ ಹೊದಿಸಿ, ಅದು ಇನ್ನೂ ಬದುಕಿದೆಯೆಂಬ ಭ್ರಮೆಯನ್ನು ಹುಟ್ಟಿಸುವ ಕೌಶಲಕ್ಕೆ ಟ್ಯಾಕ್ಸಿಡರ್ಮಿ ಎಂದು ಹೆಸರು. ಕನ್ನಡದಲ್ಲಿ ಚರ್ಮಪ್ರಸಾಧನ ಎನ್ನುವುದುಂಟು. ಗ್ರೀಕ್ ಮೂಲದಲ್ಲಿ ಆ ಪದಕ್ಕೆ ‘ಚರ್ಮದ ಜೋಡಣೆ’ ಎಂದಷ್ಟೇ ಅರ್ಥ. ನಮ್ಮ ಪದದಲ್ಲಿ ಅಲಂಕಾರದ ಅರ್ಥವೂ ಸೇರಿಕೊಂಡಿದೆ. ಎರಡರಲ್ಲಿ ಗ್ರೀಕರ ಹೆಸರೇ ಹೆಚ್ಚು ಪ್ರಾಮಾಣಿಕವಾದುದು. ಹಿಂದೆ ರಾಜಮಹಾರಾಜರಿಗೆ ವೃತ್ತಿಪರರು ಮಾಡಿಕೊಡುತ್ತಿದ್ದ ಈ ಕೆಲಸವು ಅಮೆರಿಕ ಮೊದಲಾದ ದೇಶಗಳಲ್ಲಿ ಇಂದು ಮನೆಯಲ್ಲೇ ಮಾಡಿಕೊಳ್ಳುವ ಹವ್ಯಾಸವಾಗಿದೆ. ಸಿದ್ಧವಾದ ಅಚ್ಚು, ಗಾಜಿನ ಕಣ್ಣು, ಹದಮಾಡುವ ರಸಾಯನಗಳು ಅಂಗಡಿಯಲ್ಲಿ ದೊರೆಯುತ್ತವೆ. ಜಿಂಕೆಯ ತಲೆಯೊಂದನ್ನು ತಾವೇ ಸಿದ್ಧಪಡಿಸಿ ಗೋಡೆಗೆ ತೂಗುಹಾಕಿದವರು ‘ಪ್ರಾಣಿಗೆ ನಾವು ಸಲ್ಲಿಸಿದ ಗೌರವ’ವೆಂದು ಅದನ್ನು ಬಣ್ಣಿಸುತ್ತಾರೆ.

ದೂರದೇಶದ ಈ ಹವ್ಯಾಸದ ವಿಮರ್ಶೆ ಇಲ್ಲಿ ಏಕೆಂದು ಓದುಗ ಬಂಧುಗಳು ಕೇಳಬಹುದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯವರಿಗೆ ಕಾಡು ದೂರದ ವಸ್ತುವಲ್ಲ. 1956ರಲ್ಲಿ ದಾಂಡೇಲಿ ವನ್ಯಧಾಮವಾಯಿತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡೂ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ನದಿಯ ಹೆಸರನ್ನು ಪಡೆದವು. ಕಡವೆ, ಚುಕ್ಕೆ ಜಿಂಕೆ, ಕಾಡುಕುರಿಗಳು ಈ ಕಾಡಿನವು. ರಾಮನಗರ, ಅನಮೋಡಗಳ ಮೂಲಕ ಗೋವೆಗೆ ಸಾಗುವ ಹೆದ್ದಾರಿಯಂಥ ಕಾಡುರಸ್ತೆಗಳಲ್ಲಿ ವಾಹನಕ್ಕೆ ಸಿಕ್ಕು ಬೀಳುವ ಪ್ರಾಣಿಗಳೂ ಉಂಟು. ಇಂಥಲ್ಲಿ ವಾಸಿಸುವ ಶ್ರಾವಕನ ಮುಂದೆ ಬರುವ ಪ್ರಲೋಭನೆಯು ಬೇಟೆಯದಲ್ಲ. ಬೇಟೆ ಸಪ್ತವ್ಯಸನಗಳಲ್ಲಿ ಒಂದೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಬರುವ ಪ್ರಲೋಭನೆ ಬೇರೆ ರೂಪದ್ದು: ‘ನಾನು ಕೊಂದಿಲ್ಲ. ಅದು ತಾನಾಗಿ ಸತ್ತಿತ್ತು. ಮಣ್ಣಾಗಿ ಹೋಗುವ ಚೆಲುವನ್ನು ಉಳಿಸಿಕೊಂಡರೆ ದೋಷವೇನು?’

ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಮೊದಲು ಈ ಕೆಲಸವನ್ನು ಕಲೆಯೆಂದೇ ಒಪ್ಪಿಕೊಂಡು ನೋಡೋಣ.

ನಮ್ಮ ನಾಡಿನಲ್ಲಿ ಅದರ ಅತ್ಯುತ್ತಮ ನಿದರ್ಶನ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಕಾರ್ಖಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೂಜೀನ್ ವ್ಯಾನ್ ಇಂಗೆನ್ ಆರಂಭಿಸಿದ ಈ ಸಂಸ್ಥೆಯನ್ನು ಅವರ ಮಕ್ಕಳು ಮುಂದುವರಿಸಿದರು. ಬಾಗಿಲು ಮುಚ್ಚಿದ್ದು 1999ರಲ್ಲಿ. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ವಿದೇಶಿ ಬೇಟೆಗಾರರು ಕಳುಹಿಸಿದ ಹುಲಿ, ಚಿರತೆ, ಕಾಡುಕೋಣ, ಜಿಂಕೆಗಳ ಚರ್ಮಗಳು ಅಲ್ಲಿ ‘ಜೀವ’ ತಳೆದವು. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪ್ಯಾಟ್ ಮಾರಿಸ್ 2006ರಲ್ಲಿ ಈ ಸಂಸ್ಥೆಯ ಬಗ್ಗೆ ಬರೆದ ಪುಸ್ತಕದ ಶೀರ್ಷಿಕೆಯಲ್ಲೇ ಅವರನ್ನು ಕಲಾವಿದರೆಂದು ಕರೆದರು. ಆ ಮಾತನ್ನು ಅಲ್ಲಗಳೆಯಲಾಗದು. ಕಾಗದದ ಹಿಟ್ಟಿನಿಂದ ಅಚ್ಚುಹಾಕಿದ ಒಡಲು, ಅದರ ಮೇಲೆ ಚರ್ಮದ ಬಿಗಿತ, ತುಟಿಯ ಅಂಚು, ಕಿವಿಯ ತಿರುವು, ಇವುಗಳಲ್ಲಿ ಅವರ ಕೈ ನಿಪುಣವಾಗಿತ್ತು.

ಆದರೆ ಆ ನೈಪುಣ್ಯ ಯಾವುದರದು? ಅಚ್ಚುಗಳು ನಿಗದಿಯಾದ ಅಳತೆಗಳಲ್ಲಿ, ನಿಗದಿಯಾದ ಭಂಗಿಗಳಲ್ಲಿ ಇರುತ್ತಿದ್ದವು. ಒಂದೊಂದು ಪ್ರಾಣಿಗೂ ಅದರದೇ ಆದ ಸ್ವಭಾವ, ವಯಸ್ಸು, ಭಯ, ಚಾಪಲ್ಯ ಇದ್ದಿತೆಂಬುದು ಅಲ್ಲಿ ಲೆಕ್ಕಕ್ಕೆ ಬರುವಂತಿರಲಿಲ್ಲ. ಹುಲಿ ಘರ್ಜಿಸಬೇಕು, ಜಿಂಕೆ ತಲೆಯೆತ್ತಿ ನೋಡಬೇಕು. ಏಕೆಂದರೆ ಗ್ರಾಹಕನ ನೆನಪಿನಲ್ಲಿ ಅವು ಹಾಗಿದ್ದವು. ಶಿಲ್ಪಿಯು ಕಲ್ಲಿನಲ್ಲಿ ಜಿಂಕೆಯನ್ನು ಕಡೆಯುವಾಗ ಜಿಂಕೆಯನ್ನು ನೋಡಿರುತ್ತಾನೆ. ಇಲ್ಲಿ ನೋಡಿದ್ದು ಬೇಟೆಗಾರನ ಹೆಮ್ಮೆಯನ್ನು. ಮನೆಯಲ್ಲೇ ಈ ಕೆಲಸವನ್ನು ಮಾಡುವ ಹವ್ಯಾಸಿಗೆ ಆ ನೈಪುಣ್ಯವೂ ಇಲ್ಲ; ಕಾಗದದ ಹಿಟ್ಟಿನ ಬದಲು ಅಂಗಡಿಯ ಪ್ಲಾಸ್ಟಿಕ್ ನೊರೆಯ ಅಚ್ಚು ಇದೆ, ಅಷ್ಟೇ.

ಇನ್ನು ಕಣ್ಣಿನ ವಿಚಾರ. ಕನ್ನಡ ಕವಿಗಳಿಗೆ ಜಿಂಕೆಯೆಂದರೆ ಕಣ್ಣು. ಎರಳೆಗಣ್ಣು, ಹರಿಣಾಕ್ಷಿ, ಮೃಗಲೋಚನೆ ಎಂದು ಎಷ್ಟು ಶತಮಾನಗಳಿಂದ ಹೇಳುತ್ತ ಬಂದಿದ್ದೇವೆ! ಮನುಷ್ಯನ ಮನಸ್ಸನ್ನು ಕರಗಿಸುವುದು ಆ ಪ್ರಾಣಿಯ ನೋಟ. ಈ ಕಲೆಯಲ್ಲಿ ಮೊತ್ತಮೊದಲು ಎಸೆಯಬೇಕಾದ ಭಾಗಗಳಲ್ಲಿ ಕಣ್ಣೂ ಒಂದು; ಅದು ಕೊಳೆಯುತ್ತದೆ, ಹದಕ್ಕೆ ಬರುವುದಿಲ್ಲ. ಅದರ ಜಾಗದಲ್ಲಿ ಕೂರುವುದು ಕಾರ್ಖಾನೆಯ ಗಾಜು. ಮಾಂಸ, ಮೆದುಳು, ನಾಲಗೆ, ನೋಟ ಎಲ್ಲವನ್ನೂ ತೆಗೆದುಹಾಕಿ ಚರ್ಮವನ್ನೂ ಕೊಂಬನ್ನೂ ಇಟ್ಟುಕೊಂಡ ಮೇಲೆ ‘ಜಿಂಕೆಯನ್ನು ಉಳಿಸಿದೆ’ ಎನ್ನುವುದು ಯಾವ ಅರ್ಥದಲ್ಲಿ? ಉಳಿದದ್ದು ನಮ್ಮ ಸ್ವತ್ತು.

ಕಲೆಯ ಮಾತನ್ನು ಇಲ್ಲಿಗೆ ಬಿಟ್ಟು ‘ನಾನು ಕೊಂದಿಲ್ಲ’ ಎಂಬ ವಾದಕ್ಕೆ ಬರೋಣ. ಈ ವಾದಕ್ಕೆ ಉತ್ತರವನ್ನು ನಮ್ಮ ಪುರಾಣದಲ್ಲೇ ಒಬ್ಬರು ನಡೆದು ತೋರಿಸಿದ್ದಾರೆ. ನೇಮಿಕುಮಾರನ ವಿವಾಹದ ಮೆರವಣಿಗೆ ಹೊರಟಾಗ ದಾರಿಯಲ್ಲಿ ಕಟ್ಟಿಹಾಕಿದ್ದ ಮೃಗಗಳ ಆಕ್ರಂದನ ಕೇಳಿಸಿತು. ಮದುವೆಯ ಔತಣಕ್ಕಾಗಿ ಅವುಗಳನ್ನು ಕೂಡಿಹಾಕಿದ್ದರು. ವರನು ಅವುಗಳನ್ನು ಹಿಡಿದಿರಲಿಲ್ಲ, ಹಿಡಿಯಲು ಹೇಳಿರಲಿಲ್ಲ, ತಿನ್ನುವ ಮನಸ್ಸೂ ಅವನಿಗಿರಲಿಲ್ಲ. ಇಂದಿನ ತರ್ಕದ ಪ್ರಕಾರ ಅವನು ನಿರ್ದೋಷಿ. ಆದರೂ ‘ಇದೆಲ್ಲ ನನ್ನ ನಿಮಿತ್ತ’ ಎಂದು ಅರಿತು ಅವನು ರಥವನ್ನು ಹಿಂದಿರುಗಿಸಿದ. ಗಿರನಾರದ ದಾರಿ ಹಿಡಿದ. ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಿಂದಲೂ ಹಿಂಸೆಯ ದೋಷ ಬರುತ್ತದೆಂದು ನಾವು ಪಾಠಶಾಲೆಯಲ್ಲಿ ಓದುತ್ತೇವೆ. ಮೂರನೆಯ ದ್ವಾರದ ಬಗ್ಗೆ ನೇಮಿನಾಥ ಸ್ವಾಮಿಗಳ ಕಥೆಗಿಂತ ದೊಡ್ಡ ವ್ಯಾಖ್ಯಾನವಿಲ್ಲ.

ರಸ್ತೆಯ ಬದಿ ಸತ್ತು ಬಿದ್ದ ಜಿಂಕೆಯ ಮಾತು ಬೇರೆಯಲ್ಲವೇ ಎಂದರೆ, ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ತಾನಾಗಿ ಸತ್ತ ಕೋಣ, ಎತ್ತುಗಳ ಮಾಂಸದ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಅದರಲ್ಲಿಯೂ ಹಿಂಸೆ ಇದೆ. ಆ ಮಾಂಸವನ್ನು ಆಶ್ರಯಿಸಿದ ನಿಗೋದ ಜೀವಗಳ ಘಾತವಾಗುತ್ತದೆ ಎಂಬುದು ಅವರ ನಿರ್ಣಯ. ಅವರು ಮಾಂಸಭಕ್ಷಣೆಯನ್ನು ಕುರಿತು ಹೇಳಿದ್ದು ನಿಜ. ಆದರೂ ಚರ್ಮವನ್ನು ಸುಲಿಯುವವನ ಕೈಯ ಕೆಳಗೆ ನಡೆಯುವುದೇನೆಂದು ವಿಚಾರಿಸಿ. ಒಳಭಾಗಕ್ಕೆ ಅಂಟಿದ ಮಾಂಸವನ್ನು ಕೆರೆಯಬೇಕು, ಉಪ್ಪು ತುಂಬಬೇಕು, ಆಮ್ಲದಲ್ಲಿ ನೆನೆಸಬೇಕು. ಗೋಡೆಗೆ ಏರಿಸಿದ ಮೇಲೂ ಕೆಲಸ ಮುಗಿಯದು. ಚರ್ಮವನ್ನೂ ಕೂದಲನ್ನೂ ತಿನ್ನುವ ಜೀರುಂಡೆಯ ಮರಿಗಳು, ನುಸಿಗಳು ವರ್ಷವರ್ಷವೂ ಬರುತ್ತವೆ. ವರ್ಷವರ್ಷವೂ ಅವನ್ನು ವಿಷವಿಟ್ಟು ಕೊಲ್ಲಬೇಕು. ಹಿಂದಿನವರು ಇದಕ್ಕಾಗಿ ಚರ್ಮಕ್ಕೆ ಪಾಷಾಣವನ್ನೇ ಸವರುತ್ತಿದ್ದರು. ಮಲೆನಾಡಿನ ಸೆರಗಿನ ಮಳೆಗಾಲದಲ್ಲಿ ಈ ಬಾಧೆ ಎಷ್ಟಿರಬಹುದೆಂದು ನಮ್ಮ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಒಂದು ಸತ್ತ ಜಿಂಕೆಯ ‘ಗೌರವ’ಕ್ಕಾಗಿ ಅಸಂಖ್ಯ ತ್ರಸಜೀವಗಳ ನಿತ್ಯವಧೆ ನಡೆಯುತ್ತದೆ.

ಇದರ ಜೊತೆಗೆ ಲೋಕವ್ಯವಹಾರದ ಮಾತೂ ಒಂದಿದೆ. ಒಂದು ತಲೆಯನ್ನು ಚೆನ್ನಾಗಿ ಮಾಡಿದವನಿಗೆ ಎರಡನೆಯದು ಬೇಕಾಗುತ್ತದೆ. ಕಾಡಿನಂಚಿನ ಹೊಲದಲ್ಲಿ ಉರುಳು ಒಡ್ಡುವವನಿಗೆ ಆ ಸುದ್ದಿ ಮುಟ್ಟಲು ತಡವಾಗದು. ‘ಸತ್ತದ್ದು ಸಿಕ್ಕರೆ ಹೇಳು’ ಎಂದವನಿಗೆ ಸತ್ತದ್ದು ಸಿಗುತ್ತಲೇ ಹೋಗುತ್ತದೆ. ಶ್ರಾವಕನಿಗೆ ವರ್ಜ್ಯವಾದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯವೆಂದು ಒಂದನ್ನು ಎಣಿಸಿದವರು ದಂತದ ಜೊತೆಗೆ ಚರ್ಮ, ಉಗುರು, ಕೂದಲುಗಳನ್ನೂ ಅದರಲ್ಲೇ ಸೇರಿಸಿದ್ದು ಬೇಡಿಕೆಯ ಈ ಸ್ವಭಾವವನ್ನು ಬಲ್ಲವರಾಗಿ.

ಜನ್ನ ಕವಿಯ ‘ಯಶೋಧರ ಚರಿತೆ’ ಇಲ್ಲಿ ನೆನಪಾಗದೆ ಇರದು. ಯಶೋಧರನು ತಾಯಿಯ ಒತ್ತಾಯಕ್ಕೆ ಬಲಿಕೊಟ್ಟದ್ದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು. ಆದರೂ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಯೋನಿಗಳಲ್ಲಿ ಬಳಲಬೇಕಾಯಿತು. ಅಲ್ಲಿ ಹಿಟ್ಟು ಕೋಳಿಯಾಯಿತು. ಇಲ್ಲಿ ಜಿಂಕೆಯೇ ಕಾಗದದ ಹಿಟ್ಟಾಗುತ್ತದೆ. ಬೊಂಬೆಯಲ್ಲಿ ಜೀವವಿತ್ತೇ ಎಂಬುದಕ್ಕಿಂತ ಅದರ ಮುಂದೆ ನಿಂತವನ ಸಂಕಲ್ಪವೇನು ಎಂಬುದನ್ನೇ ಜನ್ನನು ಕೇಳಿದ್ದು. ಗೋಡೆಯ ಮೇಲಿನ ತಲೆಯನ್ನು ಅತಿಥಿಗೆ ತೋರಿಸಿ ‘ಎಷ್ಟು ಕವಲಿನ ಕೊಂಬು ನೋಡಿ’ ಎನ್ನುವ ಮನೆಯಲ್ಲಿ ಬೆಳೆಯುವ ಮಗು ಯಾವ ಸಂಕಲ್ಪವನ್ನು ಕಲಿಯುತ್ತದೆ?

ಉದುರಿದ ಕೊಂಬಿನ ವಿಷಯದಲ್ಲಿ ನಮ್ಮವರೇ ಒಂದು ಆಕ್ಷೇಪವನ್ನು ಎತ್ತುವುದುಂಟು. ಜಿಂಕೆಯ ಕೊಂಬು ದನದ ಕೊಂಬಿನಂತಲ್ಲ. ಗಂಡುಗಳಿಗೆ ಮಾತ್ರ ಬಂದು, ಕಾಲಕಾಲಕ್ಕೆ ಉದುರಿ, ಮತ್ತೆ ಚಿಗುರುತ್ತದೆ. ಮುನಿಗಳ ಪಿಂಛಿಯೂ ನವಿಲು ತಾನಾಗಿ ಉದುರಿಸಿದ ಗರಿಯದಲ್ಲವೇ, ಹಾಗಾದರೆ ಕೊಂಬಿಗೇಕೆ ನಿಷೇಧ ಎಂದು ಕೇಳುತ್ತಾರೆ. ಪಿಂಛಿಯು ಸಂಯಮದ ಉಪಕರಣ. ಕೂರುವ, ಮಲಗುವ ಸ್ಥಳದ ಸೂಕ್ಷ್ಮಜೀವಿಗೆ ನೋವಾಗದಂತೆ ಸರಿಸಲು ಅದು ಬೇಕು. ಅದನ್ನು ಯಾವ ಮುನಿಯೂ ಗೋಡೆಗೆ ಮೊಳೆಹೊಡೆದು ಮೆರೆಸಲಿಲ್ಲ. ಕೊಂಬಿನಿಂದ ಯಾವ ಜೀವದ ರಕ್ಷಣೆಯೂ ಆಗದು. ಮೇಲಾಗಿ ಕಾಡಿನಲ್ಲಿ ಬಿದ್ದ ಕೊಂಬು ನಿರುಪಯೋಗಿಯೂ ಅಲ್ಲ. ಮುಳ್ಳುಹಂದಿಗಳು ಅದನ್ನು ಸುಣ್ಣದ ಅಂಶಕ್ಕಾಗಿ ಕಡಿಯುತ್ತವೆ, ಜಿಂಕೆಗಳೂ ಅಗಿಯುತ್ತವೆ. ಯಾರೂ ಕೊಡದೆ ತೆಗೆದುಕೊಂಡದ್ದಕ್ಕೆ ಅದತ್ತವೆಂಬ ಹೆಸರು ನಮ್ಮಲ್ಲಿದೆ.

ಹಳೆಯ ಮನೆಗಳಲ್ಲಿ ರುಮಾಲು ತೂಗುಹಾಕಲು ಬಳಸುತ್ತಿದ್ದ ಕೊಂಬುಗಳನ್ನು ಕುರಿತು ‘ಅದು ಉದುರಿದ್ದೇ’ ಎನ್ನುವವರು ಒಮ್ಮೆ ಅದರ ಬುಡವನ್ನು ನೋಡಬೇಕು. ಉದುರಿದ ಕೊಂಬು ಒಂಟಿಯಾಗಿರುತ್ತದೆ, ಅದರ ಬುಡ ಗುಂಡಗೆ, ಒರಟಾಗಿರುತ್ತದೆ. ಎರಡು ಕೊಂಬುಗಳ ನಡುವೆ ತಲೆಬುರುಡೆಯ ಎಲುಬು ಉಳಿದಿದ್ದರೆ ಅದು ಸತ್ತ ಪ್ರಾಣಿಯಿಂದ ಕತ್ತರಿಸಿ ತಂದದ್ದು.

ಜಿಂಕೆಯನ್ನು ಮನೆಯಲ್ಲಿ, ಮಂದಿರದಲ್ಲಿ ಇಟ್ಟುಕೊಳ್ಳುವ ಬೇರೆ ಮಾರ್ಗವೂ ಇದೆ. ಹದಿನಾರನೆಯ ತೀರ್ಥಂಕರರಾದ ಶಾಂತಿನಾಥ ಸ್ವಾಮಿಗಳ ಲಾಂಛನ ಜಿಂಕೆ. ಪೀಠದ ಮೇಲೆ ಬೆರಳಗಲದಲ್ಲಿ ಕಡೆದಿರುವ ಆ ಪುಟ್ಟ ಪ್ರಾಣಿಗೆ ಚರ್ಮವಿಲ್ಲ, ಗಾಜಿನ ಕಣ್ಣಿಲ್ಲ. ಕೆಲವೊಮ್ಮೆ ಅಭಿಷೇಕದ ಸವೆತದಲ್ಲಿ ಮುಖವೂ ಅಳಿಸಿರುತ್ತದೆ. ಆದರೂ ತೀರ್ಥಂಕರರನ್ನು ನಾವು ಗುರುತಿಸುವುದು ಅದರಿಂದ. ಮುಂಡಗೋಡದ ಟಿಬೆಟನ್ ವಸಾಹತು 1966ರಲ್ಲಿ ನೆಲೆಗೊಂಡಿತು. ಅಲ್ಲಿಯ ಬೌದ್ಧ ವಿಹಾರಗಳ ಮಾಡಿನ ಮೇಲೆ ಧರ್ಮಚಕ್ರದ ಎರಡು ಬದಿಗೆ ಹೊಂಬಣ್ಣದ ಎರಡು ಜಿಂಕೆಗಳು ಮೊಣಕಾಲೂರಿ ಕುಳಿತಿರುವುದನ್ನು ಬಹಳ ಮಂದಿ ಕಂಡಿರಬಹುದು. ಅವು ಸಾರಾನಾಥದ ಮೃಗದಾವದಲ್ಲಿ ನಡೆದ ಪ್ರಥಮ ಉಪದೇಶದ ಸ್ಮರಣೆ. ಕೈಗೆ ಕೆಲಸ ಬೇಕೆನ್ನುವ ನಮ್ಮ ಯುವಕರಿಗೆ ಮರ ಕೆತ್ತುವ ಗುಡಿಗಾರರು ಇದೇ ಜಿಲ್ಲೆಯಲ್ಲಿದ್ದಾರೆ. ಚರ್ಮ ಸುಲಿಯುವ ಹವ್ಯಾಸಕ್ಕಿಂತ ಅದು ಕಷ್ಟದ ವಿದ್ಯೆ ಕೂಡ.

ಕಾನೂನಿನ ಮಾತನ್ನು ಕಡೆಗೆ ಇಟ್ಟದ್ದು ಉದ್ದೇಶಪೂರ್ವಕವಾಗಿ. ದಂಡದ ಭಯದಿಂದ ಬಿಟ್ಟದ್ದು ವ್ರತವಾಗುವುದಿಲ್ಲ. ಆದರೂ ಕುಟುಂಬಗಳೂ ಟ್ರಸ್ಟುಗಳೂ ತಿಳಿದಿರಬೇಕಾದುದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೆಯ ಕಲಮಿನಂತೆ ಸತ್ತು ಸಿಕ್ಕಿದ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ಅದು ಕೈಗೆ ಬಂದವನು 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ಹದಮಾಡಿದ ತಲೆ, ಚರ್ಮ, ಕೊಂಬು ಎಲ್ಲವೂ ಕಾಯ್ದೆಯ ಭಾಷೆಯಲ್ಲಿ ಟ್ರೋಫಿಗಳೇ. ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವಂತಿಲ್ಲ, ಮತ್ತೊಬ್ಬರಿಗೆ ಕೊಡುವಂತಿಲ್ಲ, ನಾಶಮಾಡುವಂತೆಯೂ ಇಲ್ಲ. ಹಿಂದಿನಿಂದ ಬಂದದ್ದನ್ನು ಘೋಷಿಸಲು 2003ರಲ್ಲಿ 180 ದಿನಗಳ ಅವಕಾಶ ಕೊಡಲಾಗಿತ್ತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಪ್ರಮಾಣಪತ್ರವಿಲ್ಲದ ವಸ್ತುಗಳನ್ನು ಒಪ್ಪಿಸಲು ಮೂರು ತಿಂಗಳ ಅವಧಿಯ ನಿಯಮ ಹೊರಡಿಸಿತು. ಆ ಗಡುವುಗಳು ಕಳೆದಿವೆ. ಅಜ್ಜನ ಕಾಲದ ಕೊಂಬು ಮನೆಯಲ್ಲಿದ್ದು ಪ್ರಮಾಣಪತ್ರ ಇಲ್ಲದಿದ್ದರೆ ಅದನ್ನು ಹಿತ್ತಲಲ್ಲಿ ಹೂಳುವುದೂ ಬಸದಿಗೆ ದಾನಕೊಡುವುದೂ ಪರಿಹಾರವಲ್ಲ; ವಕೀಲರ ಸಲಹೆ ಪಡೆದು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸುವುದೇ ದಾರಿ.

ಟ್ರಸ್ಟುಗಳ ಹೆಸರೆತ್ತಿದ್ದಕ್ಕೆ ಕಾರಣವಿದೆ. ಬಸದಿಯ ಬಾಗಿಲಲ್ಲಿ ಚರ್ಮದ ಬೆಲ್ಟನ್ನೂ ಪರ್ಸನ್ನೂ ಬಿಟ್ಟು ಒಳಹೋಗುವ ನಿಯಮವನ್ನು ನಾವು ಪಾಲಿಸುತ್ತೇವೆ. ಅದೇ ಬಸದಿಯ ಭಂಡಾರದಲ್ಲಿ ಯಾವ ಕಾಲದಲ್ಲೋ ಯಾರೋ ಭಕ್ತಿಯಿಂದ ಒಪ್ಪಿಸಿದ ಜಿಂಕೆಯ ಚರ್ಮ ಮಡಿಚಿಟ್ಟಿದೆಯೇ, ಚಾಮರದ ಕೂದಲು ಯಾವ ಪ್ರಾಣಿಯದು, ಭೇರಿಯ ಚರ್ಮ ಎಲ್ಲಿಂದ ಬಂತು ಎಂದು ಪಟ್ಟಿ ಮಾಡಿ ನೋಡಿದ ಸಮಿತಿಗಳು ಎಷ್ಟಿವೆಯೋ. ಹವ್ಯಾಸಿಯ ಕಡೆ ಬೆರಳು ತೋರುವ ಮುನ್ನ ಈ ಒಂದು ದಿನದ ಕೆಲಸವನ್ನು ಮುಗಿಸಿಕೊಳ್ಳುವುದು ಲೇಸು.

ಒಪ್ಪಿಸಿದ ಕೊಂಬು, ಚರ್ಮಗಳನ್ನು ಇಲಾಖೆಯವರು ಸುಟ್ಟುಬಿಟ್ಟರೆ ಏನು ಗತಿ, ಹಿರಿಯರ ನೆನಪು ಹೋಯಿತಲ್ಲ ಎಂದು ಮರುಗುವವರಿದ್ದಾರೆ. ಹಿರಿಯರ ಭಾವಚಿತ್ರ ಆ ಗೋಡೆಯಲ್ಲೇ ಇನ್ನೊಂದು ಮೊಳೆಗೆ ಇದ್ದೇ ಇರುತ್ತದೆ. ಜಿಂಕೆಯ ದೇಹಕ್ಕೆ ಆಗಬೇಕಾಗಿದ್ದ ಸಂಸ್ಕಾರವು ಐವತ್ತೋ ಅರುವತ್ತೋ ವರ್ಷ ತಡವಾಗಿ ಆಗುತ್ತದೆ, ಅಷ್ಟೇ.