ಸ್ಕ್ವೂಶ್‌ನ ನಡುಗೆರೆ

ಫೋಟೊಗಳ ಗಾತ್ರ ಇಳಿಸುವ ಸ್ಕ್ವೂಶ್‌ನಲ್ಲಿ ನನಗೆ ಮೊದಲು ಹಿಡಿಸಿದ್ದು ಚಿತ್ರದ ನಡುವಿನ ಆ ಗೆರೆ. ಎಡಕ್ಕೆ ಮೂಲ, ಬಲಕ್ಕೆ ಇಳಿಸಿದ್ದು. ಗೆರೆಯನ್ನು ಅತ್ತಿತ್ತ ಎಳೆದು ಕಣ್ಣನ್ನೇ ತಕ್ಕಡಿ ಮಾಡಿಕೊಳ್ಳಬಹುದು. ಗೂಗಲ್‌ನ ಕ್ರೋಮ್ ತಂಡ 2018ರಲ್ಲಿ ಹೊರತಂದ ಈ ಸಲಕರಣೆ ಫೋಟೊವನ್ನು ಯಾವ ಸರ್ವರ್‌ಗೂ ಕಳಿಸುವುದಿಲ್ಲ. ಕೆಲಸವೆಲ್ಲ ಬ್ರೌಸರ್‌ನೊಳಗೇ, ವೆಬ್‌ಅಸೆಂಬ್ಲಿಯ ಬಲದಿಂದ.

ಜೆಪೆಗ್ ಎಂಬ ಚಿತ್ರರೂಪದ ಜಾಣತನವೂ ಇಲ್ಲಿ ಬಯಲಾಗುತ್ತದೆ. ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಕತ್ತರಿಸಿ, ಕಣ್ಣು ಅಷ್ಟಾಗಿ ಗಮನಿಸದ ನವಿರು ವಿವರಗಳನ್ನು ಅದು ಮೊದಲು ಕೈಬಿಡುತ್ತದೆ. ಬೆಳಕಿನ ಏರಿಳಿತಕ್ಕಿಂತ ಬಣ್ಣದ ವಿವರಕ್ಕೆ ನಮ್ಮ ಕಣ್ಣು ಮಂದ. ಹಾಗಾಗಿ ಕತ್ತರಿ ಬಣ್ಣಕ್ಕೇ ಹೆಚ್ಚು. ಗುಣಮಟ್ಟವನ್ನು 75ಕ್ಕೆ ಇಳಿಸಿದರೂ ಮುಖ, ಮರ, ಗುಡ್ಡಕ್ಕೆ ಸಾಮಾನ್ಯವಾಗಿ ಏನೂ ಆದಂತೆ ಕಾಣದು. ಅಕ್ಷರಗಳಿರುವ ಚಿತ್ರ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ: ಅಂಚಿನಲ್ಲಿ ಸೊಳ್ಳೆ ಮುತ್ತಿದಂಥ ಕಲೆಗಳು. ಹಾಗಾಗಿ ಅಕ್ಷರ ತುಂಬಿದ ಮದುವೆ ಕರೆಯೋಲೆಗೆ ಪಿಎನ್‌ಜಿ ರೂಪವೇ ಸರಿ, ನನ್ನ ಮಟ್ಟಿಗೆ.